ನಾಕುಬೆಟ್ಟದ ನಾಡು: ನೀಲಗಿರಿಯ ನೆಲ, ನೀರು, ಜನ

ಕನ್ನಡದಲ್ಲಿ ನೀಲಗಿರಿ ಎಂದರೆ ಬಹುಮಂದಿಗೆ ಮೊದಲು ನೆನಪಾಗುವುದು ಒಂದು ಮರ. ನೆಟ್ಟಗೆ ಬೆಳೆದು, ತೊಗಟೆ ಸುಲಿದು, ಸುತ್ತಲಿನ ನೀರನ್ನು ಹೀರುವ ಮರ. ಅನಂತರ ನೆನಪಾಗುವುದು ನೆಗಡಿಗೆ ಹಚ್ಚುವ ಎಣ್ಣೆ. ವಿಚಿತ್ರವೆಂದರೆ ಆ ಮರ ನೀಲಗಿರಿಯದಲ್ಲ. ಅದರ ತವರು ಆಸ್ಟ್ರೇಲಿಯ. 1840ರ ದಶಕದಲ್ಲಿ ಆಂಗ್ಲರು ಅದನ್ನು ತಂದು, ಚಳಿಗೆ ಸೌದೆಯಾಗಲೆಂದು ಈ ಬೆಟ್ಟದ ಹುಲ್ಲುಗಾವಲುಗಳಲ್ಲಿ ನೆಟ್ಟರು. ಹೊರಗಿನಿಂದ ಬಂದ ಮರಕ್ಕೆ ಬೆಟ್ಟದ ಹೆಸರು ಅಂಟಿತು. ಬೆಟ್ಟದ ಜನರ ಪರಿಚಯ ಮಾತ್ರ ಹಾಗೆಯೇ ಉಳಿಯಿತು. ಮರವನ್ನೂ ಎಣ್ಣೆಯನ್ನೂ ಬಿಟ್ಟರೆ ಮೂರನೆಯ ನೆನಪು ಊಟಿ: ಮೇ ತಿಂಗಳ ಪುಷ್ಪ ಪ್ರದರ್ಶನ, ದೋಣಿವಿಹಾರ, ಪುಟ್ಟ ರೈಲು. ನಾಲ್ಕು ದಿನ ಹೋಗಿ ಬರುವ ಊರು.

ಆದರೆ ನೀಲಗಿರಿ ಹೋಗಿ ಬರುವ ಊರು ಮಾತ್ರವಲ್ಲ, ಏಳು ಲಕ್ಷಕ್ಕೂ ಹೆಚ್ಚು ಜನ ಬಾಳುವ ಜಿಲ್ಲೆ. ಅಲ್ಲಿನ ಹಳ್ಳಿಗಳಲ್ಲಿ ಕಿವಿಗೊಟ್ಟರೆ ಕನ್ನಡದ ಹತ್ತಿರದ ನಂಟಿನ ನುಡಿಗಳು ಕೇಳಿಬರುತ್ತವೆ. ಅಲ್ಲಿನ ನೀರು ಮೂರು ರಾಜ್ಯಗಳ ಜನರಿಗೆ ತಲುಪುತ್ತದೆ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ತಮಿಳುನಾಡಿನ ಉಳಿದ ಜಿಲ್ಲೆಗಳ ಜನಸಂಖ್ಯೆ ಏರಿದರೆ, ಈ ಜಿಲ್ಲೆಯದು 7,62,141ರಿಂದ 7,35,394ಕ್ಕೆ ಇಳಿಯಿತು. ಲಕ್ಷಾಂತರ ಪ್ರವಾಸಿಗರು ಬೆಟ್ಟ ಹತ್ತುತ್ತಿರುವಾಗ ಬೆಟ್ಟದವರು ಏಕೆ ಇಳಿಯುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಅಲ್ಲಿನ ನೆಲದಿಂದಲೇ ಆರಂಭಿಸಬೇಕು.

ನೆಲದ ಏರಿಳಿತ

ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳು ಸಂಧಿಸುವ ಸ್ಥಳದಲ್ಲಿ ನೀಲಗಿರಿ ಎದ್ದು ನಿಂತಿದೆ. ಜಿಲ್ಲೆಯ ವಿಸ್ತೀರ್ಣ ಸುಮಾರು 2,550 ಚದರ ಕಿಲೋಮೀಟರ್. ಅರ್ಧಕ್ಕೂ ಹೆಚ್ಚು ಭಾಗ ಅರಣ್ಯ. ಕೊಯಮತ್ತೂರಿನ ಬಯಲಿನಿಂದ ನೋಡಿದರೆ ಗೋಡೆಯಂತೆ ಕಾಣುವ ಈ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ, ಅಲೆಯಲೆಯಾಗಿ ಹರಡಿದ ಪ್ರಸ್ಥಭೂಮಿಯಿದೆ. ಅದರ ನಡುವೆ 2,637 ಮೀಟರ್ ಎತ್ತರದ ದೊಡ್ಡಬೆಟ್ಟ. ಈ ಹೆಸರನ್ನು ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕುನ್ನೂರಿನ ಬಳಿಯ ಹುಲಿಕಲ್ಲು ದುರ್ಗ, ಬಡಗ ಹಟ್ಟಿಗಳಾದ ಹುಬ್ಬತಲೆ, ಎಬ್ಬನಾಡು, ನಂಜನಾಡು, ಬೆಟ್ಟದ ಬುಡದ ಮಸಿನಗುಡಿ ಇವೆಲ್ಲ ನಮ್ಮ ಕಿವಿಗೆ ಹೊಸ ಹೆಸರುಗಳೆನಿಸುವುದಿಲ್ಲ. ಕೋತಗಿರಿ ಎಂಬ ಹೆಸರು ಕೋತರ ಕೇರಿಯಿಂದ ಬಂದದ್ದು. ಉದಕಮಂಡಲ ಎಂದು ಇಂದು ಬರೆಯುವ ಹೆಸರಿನ ಹಿಂದೆ ‘ಒತ್ತಕಲ್ಲು ಮಂದು’, ಅಂದರೆ ಒಂಟಿಕಲ್ಲಿನ ಬಳಿಯ ತೋಡರ ನೆಲೆ ಇದೆಯೆಂಬ ವಿವರಣೆ ಪ್ರಚಲಿತವಾಗಿದೆ.

ಉತ್ತರಕ್ಕೆ ಮೋಯಾರ್ ನದಿಯ ಆಳವಾದ ಕಮರಿ ನೀಲಗಿರಿಯನ್ನು ಮೈಸೂರು ಪ್ರಸ್ಥಭೂಮಿಯಿಂದ ಬೇರ್ಪಡಿಸುತ್ತದೆ. ಆಚೆ ಬಂಡೀಪುರ, ತಾಳವಾಡಿ. ಈಚೆ ಮುದುಮಲೆ, ಸೀಗೂರು. ಉದಕಮಂಡಲದಿಂದ ಕಲ್ಲಟ್ಟಿಯ ಮೂಲಕ ಮಸಿನಗುಡಿಗೆ ಇಳಿಯುವ ದಾರಿಯಲ್ಲಿ 36 ತಿರುವುಗಳಿವೆ. ಆ ತಿರುವುಗಳನ್ನು ಇಳಿಯುವಷ್ಟರಲ್ಲಿ ಮಂಜು, ತೇಯಿಲೆ, ಸೈಪ್ರಸ್ ಮರಗಳ ಲೋಕ ಮುಗಿದು ಕುರುಚಲು ಕಾಡು, ಬಿಸಿಲು, ಆನೆಗಳ ಲೋಕ ಆರಂಭವಾಗುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಹವೆ.

ಮಳೆಯೂ ಒಂದೇ ಬಗೆಯದಲ್ಲ. ಪಶ್ಚಿಮದ ದೇವಾಲ, ಪಂದಲೂರು, ನಡುವಟ್ಟಗಳಿಗೆ ಮುಂಗಾರು ಜಡಿದರೆ, ಪೂರ್ವದ ಕುನ್ನೂರು, ಕೋತಗಿರಿಗಳು ಹಿಂಗಾರನ್ನು ನೆಚ್ಚಿಕೊಂಡಿವೆ. ನಡುವಿನ ಉದಕಮಂಡಲಕ್ಕೆ ಎರಡರ ಪಾಲೂ ಉಂಟು. ಈಚಿನ ವರ್ಷಗಳಲ್ಲಿ ಈ ಎರಡು ಮಳೆಗಳೂ ಭಯ ಹುಟ್ಟಿಸಿವೆ. 2009ರ ನವೆಂಬರಿನ ಹಿಂಗಾರಿನಲ್ಲಿ ಗುಡ್ಡಗಳು ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನ ಮುಂಗಾರಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು.

ಹುಲ್ಲು ಹಿಡಿದಿಟ್ಟ ನೀರು

ಈ ಬೆಟ್ಟದ ಮೇಲ್ಭಾಗದ ಸಹಜ ರೂಪ ಎರಡು ಸಂಗತಿಗಳ ಜೋಡಣೆ. ದಿಣ್ಣೆಗಳ ಮೇಲೆ ಹುಲ್ಲು. ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ, ತೊರೆಯ ಪಕ್ಕದಲ್ಲಿ, ಶೋಲಾ ಎಂದು ಕರೆಯುವ ಒತ್ತಾದ ಕುಳ್ಳ ಕಾಡು. ಮಳೆಯ ನೀರನ್ನು ಹುಲ್ಲಿನ ಬೇರುಗಳೂ ಶೋಲೆಯ ಕಪ್ಪುಮಣ್ಣೂ ಹೀರಿಕೊಂಡು ಬೇಸಿಗೆಯಲ್ಲಿ ತೊಟ್ಟುತೊಟ್ಟಾಗಿ ಬಿಡುತ್ತವೆ. ಕಾವೇರಿಯ ಉಪನದಿಯಾದ ಭವಾನಿಗೆ ಬೇಸಿಗೆಯಲ್ಲೂ ಜೀವವಿರುವುದು ಇದರಿಂದ.

ಮುಕುರ್ತಿಯ ಬಳಿ ಹುಟ್ಟುವ ಪೈಕಾರಾ ಉತ್ತರಕ್ಕೆ ಹರಿದು, ಜಲಪಾತವಾಗಿ ಧುಮುಕಿ, ತೆಪ್ಪಕಾಡಿನ ಬಳಿ ಮೋಯಾರ್ ಎಂಬ ಹೆಸರು ಪಡೆದು, ಪೂರ್ವಕ್ಕೆ ತಿರುಗಿ ಭವಾನಿಸಾಗರವನ್ನು ಸೇರುತ್ತದೆ. ಕುಂದಾ ನದಿಯೂ ಭವಾನಿಯ ಪಾಲು. ಭವಾನಿ ತಾನು ಈ ಬೆಟ್ಟದಲ್ಲಿ ಹುಟ್ಟಿ ಕೇರಳದ ಅಟ್ಟಪ್ಪಾಡಿಯನ್ನು ಬಳಸಿ ಮತ್ತೆ ತಮಿಳುನಾಡಿಗೆ ಬರುತ್ತದೆ. ಪಶ್ಚಿಮದ ಗುಡಲೂರು, ಪಂದಲೂರುಗಳ ನೀರು ಚಾಲಿಯಾರನ್ನು ಸೇರಿ ಬೇಪೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಒಂದೇ ಬೆಟ್ಟದ ಎರಡು ಇಳಿಜಾರುಗಳಲ್ಲಿ ಬಿದ್ದ ಮಳೆಹನಿಗಳು ಎರಡು ಸಮುದ್ರಗಳನ್ನು ಸೇರುತ್ತವೆ.

ಬ್ರಿಟಿಷ್ ಆಡಳಿತದ ಕಣ್ಣಿಗೆ ಹುಲ್ಲುಗಾವಲು ಪಾಳುಭೂಮಿಯಾಗಿ ಕಂಡಿತು. ಅಲ್ಲಿ ನೀಲಗಿರಿ ಮರ, ವಾಟಲ್ ಮರಗಳನ್ನು ನೆಡಲಾಯಿತು. ಸ್ವಾತಂತ್ರ್ಯಾನಂತರವೂ ಆ ದೃಷ್ಟಿ ಬೇಗನೆ ಬದಲಾಗಲಿಲ್ಲ. ಪೈಕಾರಾದ ವಿದ್ಯುದಾಗಾರ 1932ರಲ್ಲೇ ಕೆಲಸ ಆರಂಭಿಸಿತ್ತು. 1950ರ ದಶಕದಲ್ಲಿ ಕೆನಡಾದ ನೆರವಿನೊಂದಿಗೆ ಆರಂಭವಾದ ಕುಂದಾ ಯೋಜನೆಯ ಅಣೆಕಟ್ಟುಗಳು ಇನ್ನಷ್ಟು ಹುಲ್ಲುಗಾವಲನ್ನು ಮುಳುಗಿಸಿದವು. ಬಯಲಿನ ಗಿರಣಿಗಳಿಗೆ ವಿದ್ಯುತ್ ಬಂತು. ಹನ್ನೆರಡು ವರ್ಷಕ್ಕೊಮ್ಮೆ ಅರಳಿ ಬೆಟ್ಟವನ್ನು ನೀಲಿಯಾಗಿಸುವ ಕುರಿಂಜಿ 2006ರಲ್ಲಿಯೂ 2018ರಲ್ಲಿಯೂ ಅರಳಿತು. ಆದರೆ ಅದು ಅರಳುವುದಕ್ಕೆ ಬೇಕಾದ ಹುಲ್ಲುನೆಲ ಒಂದೊಂದು ಸುತ್ತಿಗೂ ಕಿರಿದಾಗುತ್ತಿದೆ.

ಕೊಡುಕೊಳುವಿನ ಬಾಳು

ತಮಿಳುನಾಡಿನಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ ಆರು ಸಮುದಾಯಗಳೂ ನೀಲಗಿರಿಯಲ್ಲಿವೆ: ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯ್ಕ. ಬಡಗರು ಇವರ ನೆರೆಯವರು. ಆಂಗ್ಲರು ಬರುವುದಕ್ಕೆ ಮೊದಲು ಬೆಟ್ಟದ ಮೇಲೆ ಪೇಟೆಯಿರಲಿಲ್ಲ. ಹಣದ ಚಲಾವಣೆಯೂ ಹೆಚ್ಚಾಗಿರಲಿಲ್ಲ. ತೋಡರು ಎಮ್ಮೆ ಸಾಕಿ ಹಾಲು, ತುಪ್ಪ ಕೊಡುತ್ತಿದ್ದರು. ಕೋತರು ಮಡಕೆ ಮಾಡುತ್ತಿದ್ದರು, ಕಬ್ಬಿಣ ಬಡಿಯುತ್ತಿದ್ದರು, ಮದುವೆ ಸಾವುಗಳಿಗೆ ವಾದ್ಯ ನುಡಿಸುತ್ತಿದ್ದರು. ಕುರುಂಬರಿಂದ ಜೇನು, ಬಿದಿರು, ಕಾಡಿನ ಮದ್ದು ಬರುತ್ತಿದ್ದವು. ಅವರ ಮಂತ್ರಶಕ್ತಿಯ ಬಗ್ಗೆ ಉಳಿದವರಿಗೆ ಗೌರವವೂ ಭಯವೂ ಇದ್ದವು. ಬಡಗರು ರಾಗಿ, ಸಾಮೆ, ಕೊರಲೆ, ಬಾರ್ಲಿ ಬೆಳೆದು ಧಾನ್ಯ ಅಳೆದು ಕೊಡುತ್ತಿದ್ದರು.

ಇದನ್ನು ಸಮಾನರ ಸ್ವರ್ಗವೆಂದು ಬಣ್ಣಿಸುವುದು ಸರಿಯಲ್ಲ. ಅದರೊಳಗೆ ಮೇಲುಕೀಳುಗಳಿದ್ದವು. ಕುರುಂಬರ ಮೇಲಿನ ಭಯ ಕೆಲವೊಮ್ಮೆ ಹಿಂಸೆಗೂ ತಿರುಗಿದ್ದುಂಟು. ಆದರೆ ಯಾವ ಗುಂಪೂ ಇನ್ನೊಂದನ್ನು ಬಿಟ್ಟು ಬಾಳಲಾರದ ಏರ್ಪಾಡು ಅದಾಗಿತ್ತು. ಪೇಟೆ ಬಂದಮೇಲೆ ಮಡಕೆ, ಗುದ್ದಲಿಗಳು ಅಂಗಡಿಯಲ್ಲಿ ದೊರೆತವು. 1930ರ ದಶಕದ ಹೊತ್ತಿಗೆ ಹಳೆಯ ಕೊಡುಕೊಳು ಬಹುಮಟ್ಟಿಗೆ ಮುರಿದುಬಿತ್ತು. ಇಂದು ತೋಡರ ಸಂಖ್ಯೆ ಎರಡು ಸಾವಿರದ ಆಸುಪಾಸು. ಬಿಳಿಯ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಿಂದ ಅವರ ಹೆಂಗಸರು ಹೆಣೆಯುವ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎಮ್ಮೆ ಮೇಯಿಸುವ ಹುಲ್ಲು ಕಡಮೆಯಾದ ಕಾಲದಲ್ಲಿ ಸೂಜಿದಾರ ಹಲವು ಮನೆಗಳಿಗೆ ಆಸರೆಯಾಗಿದೆ.

ಬಡಗಿನಿಂದ ಬಂದವರು

ಬಡಗ ಎಂದರೆ ಉತ್ತರ ದಿಕ್ಕು. ಉತ್ತರದ ಕನ್ನಡ ಸೀಮೆಯಿಂದ ಬಂದವರಾದುದರಿಂದ ಆ ಹೆಸರು. 1565ರ ನಂತರ, ವಿಜಯನಗರದ ಆಳ್ವಿಕೆ ಕುಸಿದ ಕಾಲದಲ್ಲಿ, ಇವರ ಪೂರ್ವಿಕರು ಗುಂಪುಗುಂಪಾಗಿ ಬೆಟ್ಟ ಹತ್ತಿದರೆಂಬುದು ಹಲವು ವಿದ್ವಾಂಸರ ಮತ. ಜನರ ನೆನಪಿನಲ್ಲಿ ಉಳಿದ ಕಥೆ ಬೇರೆ ರೀತಿಯದು: ಒಬ್ಬ ಅರಸ ತಮ್ಮ ತಂಗಿಯನ್ನು ಬಯಸಿದಾಗ ಅಣ್ಣತಮ್ಮಂದಿರು ಅವಳನ್ನು ಕರೆದುಕೊಂಡು ಇರುಳಲ್ಲಿ ಹೊರಟರು, ಹಿಂದೆ ದಂಡು ಬರುತ್ತಿತ್ತು, ಮುಂದೆ ನದಿ ದಾರಿಬಿಟ್ಟಿತು. ಮನೆತನದಿಂದ ಮನೆತನಕ್ಕೆ ವಿವರಗಳು ಬದಲಾದರೂ ನದಿ ದಾಟುವ ಪ್ರಸಂಗ ಮಾತ್ರ ಮತ್ತೆ ಮತ್ತೆ ಬರುತ್ತದೆ. ತಾಳವಾಡಿಯ ಕಡೆಯಿಂದ ನೀಲಗಿರಿಗೆ ಹೋಗುವವರು ಇಂದಿಗೂ ಮೋಯಾರ್ ಕಮರಿಯನ್ನು ಬಳಸಿಯೇ ಹೋಗಬೇಕು.

ಅದಕ್ಕಿಂತ ಬಹು ಮೊದಲೇ ಈ ಬೆಟ್ಟಕ್ಕೂ ಕನ್ನಡಕ್ಕೂ ಸಂಬಂಧವಿತ್ತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಚಾಮರಾಜನಗರದ ಶಾಸನದಲ್ಲಿ ತೋಡರ ಹೆಸರೂ ನೀಲಗಿರಿಯ ಹೆಸರೂ ಕಾಣಿಸುತ್ತವೆ. ಬೆಟ್ಟದ ಜನರ ಬಗೆಗಿನ ಅತ್ಯಂತ ಹಳೆಯ ಲಿಖಿತ ದಾಖಲೆಗಳಲ್ಲಿ ಇದು ಒಂದು.

ಬಡಗರು ತಮ್ಮ ನಾಡನ್ನು ‘ನಾಕುಬೆಟ್ಟ’ ಎಂದು ಕರೆಯುತ್ತಾರೆ. ತೋಡನಾಡು, ಮೇಕುನಾಡು, ಪೊರಂಗನಾಡು, ಕುಂದೆನಾಡು ಎಂಬ ನಾಲ್ಕು ಸೀಮೆಗಳು ಅದರಲ್ಲಿವೆ. ಹಳ್ಳಿಗೆ ಹಟ್ಟಿ ಎಂದು ಹೆಸರು. ಇಳಿಜಾರಿನಲ್ಲಿ ಸಾಲುಸಾಲಾಗಿ ಅಂಟಿಕೊಂಡ ಮನೆಗಳು, ಮುಂದೆ ಎಲ್ಲರಿಗೂ ಸೇರಿದ ಅಂಗಳ, ಊರ ಹಿರಿಯರು ಕೂಡಿ ನ್ಯಾಯ ಹೇಳುವ ಸುತ್ತುಕಲ್ಲು. ಜನವರಿಯಲ್ಲಿ ಬರುವ ಹೆತ್ತೆ ಹಬ್ಬದಂದು ಬೆರಗಣಿ ಮೊದಲಾದ ಊರುಗಳ ದಾರಿಗಳು ಬಿಳಿಯ ಬಟ್ಟೆ ತೊಟ್ಟವರಿಂದ ತುಂಬಿಹೋಗುತ್ತವೆ. ಹೆತ್ತೆ ಎಂದರೆ ಅಜ್ಜಿ. ಕುಲದ ಅಜ್ಜಿಯನ್ನೇ ದೇವಿಯೆಂದು ಪೂಜಿಸುವ ಹಬ್ಬ ಅದು. ದೂರದ ನಗರಗಳಲ್ಲಿ ದುಡಿಯುವವರೂ ಆ ದಿನಕ್ಕೆ ಊರು ಸೇರುತ್ತಾರೆ.

ಆಲೂಗಡ್ಡೆಯಿಂದ ತೇಯಿಲೆಗೆ

1799ರಲ್ಲಿ ಟಿಪ್ಪುವಿನ ಪತನದೊಂದಿಗೆ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ. ಕೆಲವೇ ವರ್ಷಗಳಲ್ಲಿ ಉದಕಮಂಡಲ ಊರಾಯಿತು. ಅವನ ಕಾಲದಲ್ಲಿ ಬಂದ ಆಲೂಗಡ್ಡೆ, ಕೋಸು, ಕ್ಯಾರೆಟ್‌ಗಳು ಬಡಗರ ಹೊಲಗಳನ್ನು ಹೊಕ್ಕು ರಾಗಿ, ಸಾಮೆಗಳನ್ನು ಹಿಂದಕ್ಕೆ ಸರಿಸಿದವು. ಮೇಟ್ಟುಪಾಳಯದಿಂದ ರೈಲು 1899ರಲ್ಲಿ ಕುನ್ನೂರಿಗೂ 1908ರಲ್ಲಿ ಉದಕಮಂಡಲಕ್ಕೂ ತಲುಪಿತು. ಹಲ್ಲುಗಾಲಿ ಹಳಿಯ ಮೇಲೆ ಏರುವ 46 ಕಿಲೋಮೀಟರಿನ ಆ ದಾರಿಯನ್ನು 2005ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿಸಿತು.

ಬೆಳೆ ಬಯಲಿಗೆ ಇಳಿಯತೊಡಗಿದಾಗ ಲಾಭ ದಲ್ಲಾಳಿಗಳ ಪಾಲಾಯಿತು. 1930ರ ದಶಕದಲ್ಲಿ ಎಚ್. ಬಿ. ಆರಿಗೌಡರು ನೀಲಗಿರಿ ಸಹಕಾರಿ ಮಾರಾಟ ಸಂಘವನ್ನು ಕಟ್ಟಿ, ರೈತರ ಆಲೂಗಡ್ಡೆಯನ್ನು ಮೇಟ್ಟುಪಾಳಯದಲ್ಲಿ ನೇರವಾಗಿ ಹರಾಜಿಗೆ ಇಡಿಸಿದರು. ಹಟ್ಟಿಗಳಲ್ಲಿ ಅವರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಓದು ಬೆಳೆಯಿತು. ಅಕ್ಕಮ್ಮದೇವಿಯವರು 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಆಯ್ಕೆಯಾದರು.

1961ರಲ್ಲಿ ಆಲೂಗಡ್ಡೆಯ ಬೇರನ್ನು ತಿನ್ನುವ ಸೂಕ್ಷ್ಮ ದುಂಡುಹುಳು ನೀಲಗಿರಿಯಲ್ಲಿ ಪತ್ತೆಯಾಯಿತು. ಇಳುವರಿ ಕುಸಿಯಿತು, ಬಿತ್ತನೆ ಗಡ್ಡೆಯನ್ನು ಹೊರಗೆ ಸಾಗಿಸುವುದಕ್ಕೂ ಮುಂದೆ ನಿರ್ಬಂಧ ಬಂತು. ಅದೇ ಕಾಲದಲ್ಲಿ ಸಹಕಾರಿ ತೇಯಿಲೆ ಕಾರ್ಖಾನೆಗಳು ತಲೆಯೆತ್ತಿದ್ದವು. ಒಂದೆರಡು ಎಕರೆಯವರೂ ಎಲೆ ಕಿತ್ತು ಮಾರಬಹುದಾಯಿತು. ವರ್ಷಕ್ಕೊಮ್ಮೆ ಬಿತ್ತುವ ಚಿಂತೆಯಿಲ್ಲ; ವಾರವಾರ ಕೈಗೆ ಕಾಸು. ಹೊಲಗಳು ಒಂದೊಂದಾಗಿ ತೇಯಿಲೆ ತೋಟಗಳಾದವು. ಸೋವಿಯತ್ ಒಕ್ಕೂಟ ನೀಲಗಿರಿಯ ತೇಯಿಲೆಯ ದೊಡ್ಡ ಗಿರಾಕಿಯಾಗಿತ್ತು. ಆ ಹಣದಿಂದ ಹಟ್ಟಿಗಳಲ್ಲಿ ತಾರಸಿ ಮನೆಗಳೆದ್ದವು, ಮಕ್ಕಳು ಇಂಜಿನಿಯರುಗಳಾದರು.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಆ ದಶಕದ ಕೊನೆಗೆ ಹಸಿರೆಲೆಯ ಬೆಲೆ ನೆಲಕಚ್ಚಿತು. ಗೊಬ್ಬರ, ಕೂಲಿ, ಸಾಗಣೆಗಳ ಖರ್ಚು ಕಳೆದರೆ ಕೈಗೆ ಏನೂ ಉಳಿಯದ ದಿನಗಳು ಬಂದವು. ಆಮೇಲೆ ಬೆಲೆ ಏರಿದ್ದೂ ಇದೆ, ಇಳಿದದ್ದೂ ಇದೆ. ಆದರೆ ಅದರ ಮೇಲಿನ ಹಳೆಯ ನಂಬಿಕೆ ಮರಳಲಿಲ್ಲ. ಹಸಿರೆಲೆಗೆ ನ್ಯಾಯವಾದ ಬೆಲೆ ನಿಗದಿಪಡಿಸಬೇಕೆಂಬ ಬೇಡಿಕೆ ಚುನಾವಣೆಯಿಂದ ಚುನಾವಣೆಗೆ ಮುಂದಕ್ಕೆ ಹೋಗುತ್ತಲೇ ಇದೆ. ರಾಗಿ ಬೆಳೆದವನ ಮನೆಯಲ್ಲಿ ಬೆಲೆ ಇಳಿದರೂ ಹಿಟ್ಟು ಉಳಿಯುತ್ತಿತ್ತು. ತೇಯಿಲೆಯನ್ನು ಹೊಟ್ಟೆ ತುಂಬ ಉಣ್ಣಲಾಗುವುದಿಲ್ಲ.

ಬೆಟ್ಟದ ಕೆಳಗಿನ ನೀಲಗಿರಿ

ಇಷ್ಟೂ ಮಾತು ಮೇಲಿನ ಪ್ರಸ್ಥಭೂಮಿಯದು. ಗುಡಲೂರು, ಪಂದಲೂರು ತಾಲ್ಲೂಕುಗಳ ಕಥೆ ಬೇರೆ. ಅವು ಮೂಲತಃ ವಯನಾಡಿನ ಭಾಗ. 1877ರಲ್ಲಿ ನೀಲಗಿರಿಗೆ ಸೇರಿದವು. 1880ರ ಸುಮಾರಿಗೆ ದೇವಾಲ, ಪಂದಲೂರುಗಳಲ್ಲಿ ಚಿನ್ನ ಸಿಕ್ಕೀತೆಂಬ ಆಸೆಯಿಂದ ವಿಲಾಯಿತಿ ಕಂಪನಿಗಳು ಮುಗಿಬಿದ್ದು, ಎರಡು ಮೂರು ವರ್ಷಗಳಲ್ಲೇ ದಿವಾಳಿಯೆದ್ದು ಹೋದವು. ಪಣಿಯ, ಬೆಟ್ಟಕುರುಬ, ಕಾಟ್ಟುನಾಯ್ಕ ಸಮುದಾಯಗಳೂ, ಗದ್ದೆ ಉಳುವ ಚೆಟ್ಟಿಗಳೂ ಇಲ್ಲಿನ ಹಳಬರು. ಕೇರಳದಿಂದ ಬಂದ ರೈತರೂ, 1964ರ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕರೂ ಅನಂತರ ಸೇರಿದರು. ಮರಳಿದವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರಕಾರ 1968ರಲ್ಲಿ ತೇಯಿಲೆ ತೋಟಗಳನ್ನು ಆರಂಭಿಸಿತು.

ಇಲ್ಲಿನ ಬೇಗೆ ಭೂಮಿಯದು. ಜನ್ಮಂ ಜಮೀನುಗಳನ್ನು ರದ್ದುಗೊಳಿಸುವ ಕಾನೂನು 1969ರಲ್ಲೇ ಬಂದರೂ ಸಾವಿರಾರು ಕುಟುಂಬಗಳಿಗೆ ಪಟ್ಟಾ ಇನ್ನೂ ದೊರೆತಿಲ್ಲ. ಪಟ್ಟಾ ಇಲ್ಲದಿದ್ದರೆ ಬ್ಯಾಂಕಿನ ಸಾಲವಿಲ್ಲ, ವಿದ್ಯುತ್ ಸಂಪರ್ಕಕ್ಕೂ ತೊಡಕು. ಸೀಗೂರಿನ ಆನೆದಾರಿಯನ್ನು 2020ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆನೆಗೆ ದಾರಿ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಸಿನಗುಡಿಯ ಸುತ್ತ ಹಿಂದಿನಿಂದಲೂ ಇರುವ ಇರುಳರ, ಕುರುಂಬರ ಗುಡಿಸಲುಗಳನ್ನೂ ನಿನ್ನೆಮೊನ್ನೆ ಎದ್ದ ರೆಸಾರ್ಟುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಮಾತನ್ನೂ ಆಡಲೇಬೇಕು.

ಇಳಿಯುತ್ತಿರುವವರು

ಜನಸಂಖ್ಯೆ ಇಳಿದುದಕ್ಕೆ ಕಾರಣಗಳು ಈಗ ಸ್ಪಷ್ಟವಾಗಬಹುದು. ಎಲೆಯ ಬೆಲೆ ನಂಬುವಂತಿಲ್ಲ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಒಮ್ಮೆ ಸಾವಿರಾರು ಮಂದಿಗೆ ಅನ್ನ ಕೊಟ್ಟಿತ್ತು; ಅದು ಸೊರಗಿ ಮುಚ್ಚಿತು. ಕಾಟಿಗಳು ತೋಟಕ್ಕೆ ಬರುತ್ತವೆ, ಚಿರತೆ ಅಂಗಳಕ್ಕೆ ಬರುತ್ತದೆ. ಓದಿದ ಮಕ್ಕಳಿಗೆ ಬೆಟ್ಟದ ಮೇಲೆ ತಕ್ಕ ಕೆಲಸವಿಲ್ಲ. ಅವರು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರುಗಳಿಗೆ ಇಳಿಯುತ್ತಾರೆ. ಹಟ್ಟಿಯ ಮನೆಯಲ್ಲಿ ಮುದುಕರು ಉಳಿಯುತ್ತಾರೆ. ಎಲೆ ಕೀಳುವುದಕ್ಕೆ ಜಾರ್ಖಂಡ್, ಅಸ್ಸಾಮುಗಳಿಂದ ಕೂಲಿಕಾರರು ಬರುತ್ತಾರೆ. ಸಾಕಲಾರದ ತೋಟವನ್ನು ಹೊರಗಿನವರು ಕೊಂಡು ತಂಗುದಾಣ ಕಟ್ಟುತ್ತಾರೆ.

ಜನಗಣತಿಯ ಲೆಕ್ಕದಲ್ಲಿ ಈ ಜಿಲ್ಲೆಯ ನೂರರಲ್ಲಿ ಐವತ್ತೊಂಬತ್ತು ಮಂದಿ ನಗರವಾಸಿಗಳು. ಪಟ್ಟಣ ಪಂಚಾಯಿತಿಗಳ ಗಡಿಯೊಳಗೆ ಹಟ್ಟಿಗಳೂ ತೋಟಗಳೂ ಸೇರಿಹೋಗಿರುವುದು ಇದಕ್ಕೆ ಒಂದು ಕಾರಣ. ಕಾಗದದ ಮೇಲೆ ನಗರವಾದ ಊರಿನಲ್ಲಿ ಆಸ್ಪತ್ರೆಗಾಗಿ ಗಂಟೆಗಟ್ಟಲೆ ಘಟ್ಟ ಇಳಿಯಬೇಕಾದ ಸ್ಥಿತಿ ಬದಲಾಗಿಲ್ಲ. ವಾಹನಗಳ ಹೊರೆ ತಾಳಲಾರದೆ 2024ರ ಮೇ ತಿಂಗಳಿನಿಂದ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಬರುವವರನ್ನು ಎಣಿಸುವ ಏರ್ಪಾಡು ಹೀಗೆ ಆಗಿದೆ. ಇಳಿದು ಹೋಗುವವರನ್ನು ಎಣಿಸುವುದು ಹತ್ತು ವರ್ಷಕ್ಕೊಮ್ಮೆ ಬರಬೇಕಾದ ಜನಗಣತಿ ಮಾತ್ರ. 2011ರ ಬಳಿಕದ ಗಣತಿ 2021ರಲ್ಲಿ ನಡೆಯಲೂ ಇಲ್ಲ.

ಮಾತಿನ ಲೆಕ್ಕ

ಆ 2011ರ ಗಣತಿಯಲ್ಲಿ ಬಡಗ ನುಡಿಯನ್ನು ತಾಯ್ನುಡಿಯೆಂದು ಹೇಳಿದವರು 1,33,550 ಮಂದಿ. ಅವರನ್ನು ಕನ್ನಡದ ಅಡಿಯಲ್ಲಿ ಸೇರಿಸಲಾಗಿದೆ. ಹಾಲು, ಹುಲಿ, ಹಬ್ಬ, ಹಟ್ಟಿ ಎನ್ನುವ ನುಡಿ ಕನ್ನಡಕ್ಕೆ ಎಷ್ಟು ಹತ್ತಿರವೆಂಬುದನ್ನು ಹೇಳಬೇಕಾಗಿಲ್ಲ. ಹಳಗನ್ನಡದ ಪಕಾರ ಹಕಾರವಾದ ಬಳಿಕವೇ ಇದು ಕವಲೊಡೆದಿರಬೇಕೆಂಬ ಊಹೆಗೆ ಈ ಮಾತುಗಳು ಎಡೆಕೊಡುತ್ತವೆ. ಆದರೂ ಬಡಗ ನುಡಿಗೆ ತನ್ನದೇ ಸ್ವರಗಳಿವೆ. ನಾಲಗೆಯನ್ನು ಮಡಿಸಿ ಉಚ್ಚರಿಸುವ ಅದರ ಸ್ವರಗಳನ್ನು ಭಾಷಾವಿಜ್ಞಾನಿ ಎಂ. ಬಿ. ಎಮಿನೋ 1939ರಲ್ಲೇ ವಿವರಿಸಿದ್ದರು. ಅದು ಸ್ವತಂತ್ರ ಭಾಷೆಯೆಂದು ಬಡಗರಲ್ಲಿ ಬಹುಮಂದಿ ಹೇಳುತ್ತಾರೆ. ಆ ಮಾತಿಗೆ ಕನ್ನಡಿಗರು ನೊಂದುಕೊಳ್ಳಬೇಕಾಗಿಲ್ಲ. ಅಕ್ಕತಂಗಿಯರಿಗೆ ಬೇರೆ ಬೇರೆ ಮನೆಗಳಿದ್ದರೆ ಬಾಂಧವ್ಯ ಕೆಡುವುದಿಲ್ಲ.

1846ರಲ್ಲಿ ಕೇತ್ತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಬಡಗರೊಡನೆ ವ್ಯವಹರಿಸಲು ಕನ್ನಡವನ್ನು ಬಳಸಿತು. 1890ರಲ್ಲಿ ಬಡಗ ನುಡಿಯ ಮೊದಲ ಮುದ್ರಿತ ಪುಸ್ತಕ ಮಂಗಳೂರಿನಲ್ಲಿ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಆಮೇಲೆ ಶಾಲೆಗಳು ತಮಿಳಿಗೂ ಇಂಗ್ಲಿಷಿಗೂ ತಿರುಗಿದವು. ಇಂದು ಬಡಗ ಮಗು ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಎರಡು ನುಡಿ ಕಲಿಯುತ್ತದೆ. ಮನೆಯ ನುಡಿಯನ್ನು ಬರೆಯಲು ಕಲಿಯುವುದಿಲ್ಲ. ಊರಲ್ಲೇ ಬೆಳೆದ ಮಗುವಿಗೆ ಅಜ್ಜಿಯಿಂದ ಅದು ಬಾಯಿಗೆ ಬರುತ್ತದೆ. ತಿರುಪ್ಪೂರಿನ ಬಾಡಿಗೆ ಮನೆಯಲ್ಲಿ ಹುಟ್ಟಿದ ಮಗುವಿಗೆ ಅದು ಹಬ್ಬದ ದಿನ ಕೇಳುವ ಮಾತಾಗಿ ಉಳಿಯುತ್ತದೆ. ಗಣತಿಯಲ್ಲಿ ಕನ್ನಡದ ಅಡಿಗೆ ಬಂದು ಕನ್ನಡದ ಸಂಖ್ಯೆಯನ್ನು ಹೆಚ್ಚಿಸಿದ ಈ ನುಡಿಗೆ ಕನ್ನಡದ ಸಂಸ್ಥೆಗಳು ಪ್ರತಿಯಾಗಿ ಕೊಟ್ಟದ್ದು ಅತ್ಯಲ್ಪ. ಹಿರಿಯರ ಬಾಯಲ್ಲಿರುವ ಕಥೆ, ಗಾದೆ, ಬೇಸಾಯದ ಮಾತುಗಳನ್ನು ಧ್ವನಿಮುದ್ರಿಸಿ ಇಡುವುದು, ಹಟ್ಟಿಗಳ ಹೆಸರುಗಳನ್ನು ಅವುಗಳ ಅರ್ಥದೊಡನೆ ದಾಖಲಿಸುವುದು ಗಡಿಯ ಈಚೆಯ ನಮ್ಮಂಥವರೂ ಬಡಗ ಬರಹಗಾರರೊಡನೆ ಕೈಗೂಡಿಸಿ ಮಾಡಬಹುದಾದ ಕೆಲಸ. ಅದಕ್ಕೆ ಅವರ ಒಪ್ಪಿಗೆ ಮೊದಲು ಬೇಕು. ಮುಂದಾಳುತನವೂ ಅವರದೇ ಆಗಿರಬೇಕು.

ನೀಲಗಿರಿಯ ಜನ ಕೇಳುತ್ತಿರುವುದು ದೊಡ್ಡ ಸಂಗತಿಗಳನ್ನಲ್ಲ: ಎಲೆಗೆ ನಿಲ್ಲುವ ಬೆಲೆ, ನೆಲಕ್ಕೆ ಪಟ್ಟಾ, ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆ, ಓದಿದವರಿಗೆ ಬೆಟ್ಟದ ಮೇಲೆಯೇ ಕೆಲಸ. ಇವು ದೊರೆತರೆ ಹಟ್ಟಿಯಲ್ಲಿ ಅಜ್ಜಿಯ ಜೊತೆ ಮೊಮ್ಮಕ್ಕಳೂ ಇರುತ್ತಾರೆ. ಅವರು ಇದ್ದರೆ ತೊರೆಗೂ ದಿಣ್ಣೆಗೂ ಅವುಗಳ ಹೆಸರು ಹಿಡಿದು ಕರೆಯುವವರು ಇರುತ್ತಾರೆ.